ರೋಗಿಯ ಅನುಭವಕ್ಕೂ ಒಂದು ಅಳತೆಗೋಲು

ಈ ಎರಡು ಪ್ರಶ್ನೆಗಳನ್ನು ಒಮ್ಮೆ ಓದಿ. ಮೊದಲನೆಯದು: ‘ಆಸ್ಪತ್ರೆಯಲ್ಲಿ ನಿಮಗೆ ದೊರೆತ ಆರೈಕೆ ಹೇಗಿತ್ತು?’ ಎರಡನೆಯದು: ‘ನಿಮಗೆ ಕ್ಯಾನ್ಸರ್ ಇದೆ ಎಂದು ಮೊದಲ ಸಲ ತಿಳಿಸಲು ಕರೆದಾಗ, ಮನೆಯವರನ್ನೋ ಸ್ನೇಹಿತರನ್ನೋ ಜೊತೆಯಲ್ಲಿ ಕರೆತರಬಹುದೆಂದು ಮುಂಚಿತವಾಗಿ ಹೇಳಲಾಗಿತ್ತೆ?’

ಮೊದಲನೆಯ ಪ್ರಶ್ನೆಗೆ ನೂರರಲ್ಲಿ ಬಹುಪಾಲು ಜನ ‘ಚೆನ್ನಾಗಿತ್ತು’ ಎನ್ನುತ್ತಾರೆ. ಆ ಉತ್ತರವನ್ನು ಇಟ್ಟುಕೊಂಡು ಆಸ್ಪತ್ರೆಯವರು ಏನು ಮಾಡಬೇಕು? ಸಂತೋಷಪಡಬಹುದು, ಅಷ್ಟೆ. ಎರಡನೆಯ ಪ್ರಶ್ನೆಗೆ ಬರುವ ಉತ್ತರ ‘ಹೌದು’ ಅಥವಾ ‘ಇಲ್ಲ’. ನೂರರಲ್ಲಿ ಮೂವತ್ತು ಜನ ‘ಇಲ್ಲ’ ಎಂದರೆ, ಮರುದಿನ ಬೆಳಿಗ್ಗೆಯೇ ಮಾಡಬಹುದಾದ ಕೆಲಸವೊಂದು ಕಣ್ಣಮುಂದಿದೆ. ರೋಗಿಗೆ ಕಳುಹಿಸುವ ಕಾಗದದಲ್ಲಿ ‘ಬರುವಾಗ ಮನೆಯವರೊಬ್ಬರನ್ನು ಕರೆತನ್ನಿ’ ಎಂಬ ಒಂದು ಸಾಲನ್ನು ಸೇರಿಸುವುದು. ನಾವು ಇಲ್ಲಿ ಹೇಳಹೊರಟಿರುವ ವಿಷಯದ ತಿರುಳು ಈ ಎರಡು ಪ್ರಶ್ನೆಗಳ ನಡುವಿನ ಅಂತರದಲ್ಲೇ ಇದೆ.

ಜ್ವರ ಅಳೆಯಲು ಥರ್ಮಾಮೀಟರ್ ಇದೆ, ಗೆಡ್ಡೆಯ ಗಾತ್ರ ಅಳೆಯಲು ಸ್ಕ್ಯಾನಿಂಗ್ ಯಂತ್ರ ಇದೆ. ರೋಗಿಯ ಅನುಭವವನ್ನು ಅಳೆಯುವುದಾದರೂ ಹೇಗೆ, ಅಳೆಯುವುದಾದರೂ ಏಕೆ ಎಂದು ನೀವು ಕೇಳಬಹುದು. ‘ಏಕೆ’ ಎಂಬುದನ್ನು ಮೊದಲು ನೋಡೋಣ.

ಮೂಳೆ ಮುರಿದರೆ ಚಿಕಿತ್ಸೆ ಕೊಡುವವರು ಒಬ್ಬಿಬ್ಬರು. ಕ್ಯಾನ್ಸರ್ ಹಾಗಲ್ಲ. ಊರಿನ ವೈದ್ಯರು ಅನುಮಾನಪಡುತ್ತಾರೆ. ಇನ್ನೊಬ್ಬರು ಗೆಡ್ಡೆಯ ಚೂರು ತೆಗೆಯುತ್ತಾರೆ. ಅದನ್ನು ಸೂಕ್ಷ್ಮದರ್ಶಕದಲ್ಲಿ ನೋಡುವವರು ಮತ್ತೊಬ್ಬರು. ಶಸ್ತ್ರಚಿಕಿತ್ಸೆಗೆ ಒಂದು ತಂಡ, ಕಿರಣ ಚಿಕಿತ್ಸೆಗೆ ಇನ್ನೊಂದು, ಕೀಮೋಥೆರಪಿಗೆ ಮಗದೊಂದು. ಇವೆಲ್ಲ ಮುಗಿಯಲು ತಿಂಗಳುಗಳೇ ಹಿಡಿಯಬಹುದು, ಆಮೇಲೆ ವರ್ಷಗಟ್ಟಲೆ ತಪಾಸಣೆ. ಪ್ರತಿಯೊಬ್ಬರೂ ತಮ್ಮ ಪಾಲಿನ ಕೆಲಸವನ್ನು ನಿಷ್ಠೆಯಿಂದ ಮಾಡಿದರೂ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವಾಗ ರೋಗಿ ನಡುವೆ ಜಾರಿಬೀಳಬಹುದು. ವರದಿ ಬಂದಿರುತ್ತದೆ, ಹೇಳುವವರಿರುವುದಿಲ್ಲ. ಮಾತ್ರೆ ಕೊಟ್ಟಿರುತ್ತಾರೆ, ರಾತ್ರಿ ಹತ್ತಕ್ಕೆ ಚಳಿಜ್ವರ ಬಂದರೆ ಯಾರಿಗೆ ಫೋನ್ ಮಾಡಬೇಕೆಂದು ತಿಳಿಸಿರುವುದಿಲ್ಲ. (ಕೀಮೋಥೆರಪಿಯಲ್ಲಿ ಬಿಳಿ ರಕ್ತಕಣಗಳು ಕುಗ್ಗಿರುವಾಗ ಬರುವ ಜ್ವರ ಗಂಟೆಗಳ ಲೆಕ್ಕದಲ್ಲಿ ಪ್ರಾಣಕ್ಕೆ ಅಪಾಯ ತರಬಲ್ಲದು, ಫೋನ್ ನಂಬರಿನ ಮಾತು ಸಣ್ಣದಲ್ಲ.) ಈ ಎಲ್ಲ ಕೋಣೆಗಳನ್ನೂ ಹಾದುಬಂದ ವ್ಯಕ್ತಿ ಇಡೀ ವ್ಯವಸ್ಥೆಯಲ್ಲಿ ಒಬ್ಬರೇ. ಅವರೇ ರೋಗಿ.

ಇನ್ನು ‘ಹೇಗೆ’ ಎಂಬ ಪ್ರಶ್ನೆ. ಬೈರೂತಿನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಅವೆಡಿಸ್ ಡೊನಬೇಡಿಯನ್ ಎಂಬ ವೈದ್ಯರು 1966ರಲ್ಲಿ ಬರೆದ ಒಂದು ಪ್ರಬಂಧ ಈ ಕ್ಷೇತ್ರದಲ್ಲಿ ಇಂದಿಗೂ ತಳಹದಿ. ವೈದ್ಯಕೀಯ ಆರೈಕೆಯ ಗುಣಮಟ್ಟವನ್ನು ಮೂರು ಕಡೆಯಿಂದ ನೋಡಬಹುದು ಎಂದರು ಅವರು. ಒಂದು, ಸೌಕರ್ಯ: ಹಾಸಿಗೆ, ಯಂತ್ರ, ಸಿಬ್ಬಂದಿ. ಎರಡು, ಕ್ರಿಯೆ: ಏನೇನು ಮಾಡಿದರು, ಹೇಗೆ ಮಾಡಿದರು. ಮೂರು, ಫಲ: ರೋಗಿ ಗುಣವಾದರೆ, ಬದುಕಿದರೆ. ಮೊದಲನೆಯದನ್ನು ಎಣಿಸುವುದು ಸುಲಭ. ಮೂರನೆಯದು ಕ್ಯಾನ್ಸರಿನಲ್ಲಿ ತಿಳಿಯಲು ಐದು ವರ್ಷ ಕಾಯಬೇಕು. ನಡುವಿನದು ಪ್ರತಿದಿನ ನಡೆಯುವಂಥದ್ದು; ಆದರೆ ಅದರ ಬಹುಭಾಗ ಯಾವ ಕಡತದಲ್ಲೂ ದಾಖಲಾಗುವುದಿಲ್ಲ. ವೈದ್ಯರು ‘ರೋಗಿಗೆ ವಿವರಿಸಲಾಯಿತು’ ಎಂದು ಬರೆಯಬಹುದು. ರೋಗಿಗೆ ಅರ್ಥವಾಯಿತೇ ಎಂಬುದು ರೋಗಿಯನ್ನು ಕೇಳಿದರೆ ಮಾತ್ರ ಗೊತ್ತಾಗುವ ಸಂಗತಿ.

ವಿಚಿತ್ರವೆಂದರೆ, ಹಾಗೆ ಕೇಳುವುದಕ್ಕೆ ದೊಡ್ಡ ಪ್ರಮಾಣದಲ್ಲಿ ದಾರಿಮಾಡಿಕೊಟ್ಟವರು ಯಂತ್ರ ಮಾರುವ ಮನೆತನದವರು. ಅಮೆರಿಕದ ಹಾರ್ವಿ ಪಿಕರ್ ಅವರ ಕುಟುಂಬದ ಕಂಪನಿ ಎಕ್ಸ್‌ರೇ ಯಂತ್ರಗಳಿಗೆ ಹೆಸರಾಗಿತ್ತು. ಅವರ ಪತ್ನಿ ಬಹುಕಾಲ ಕಾಯಿಲೆಯಿಂದ ಬಳಲಿದರು. ವಿಜ್ಞಾನದಲ್ಲಿ ಇಷ್ಟು ಮುಂದಿರುವ ಆಸ್ಪತ್ರೆಗಳು ರೋಗಿಯ ಆತಂಕ, ಅನುಕೂಲಗಳ ಕಡೆ ಕಣ್ಣು ಹಾಯಿಸುವುದೇ ಇಲ್ಲವಲ್ಲ ಎಂದು ದಂಪತಿಗಳಿಗೆ ಅನಿಸಿತು. 1980ರ ದಶಕದಲ್ಲಿ ಪಿಕರ್ ನೆರವಿನಿಂದ ಶುರುವಾದ ಸಂಶೋಧನೆ ಸಾವಿರಾರು ರೋಗಿಗಳನ್ನೂ ಅವರ ಮನೆಯವರನ್ನೂ ಮಾತನಾಡಿಸಿ, ಅವರಿಗೆ ನಿಜವಾಗಿ ಮುಖ್ಯವಾದದ್ದು ಯಾವುದು ಎಂದು ಪಟ್ಟಿಮಾಡಿತು. ಅದರ ಫಲವಾಗಿ 1993ರಲ್ಲಿ ಒಂದು ಗ್ರಂಥವೂ ಹೊರಬಂತು. ಮಾಹಿತಿ, ನೋವಿನ ಶಮನ, ಧೈರ್ಯ ಹೇಳುವಿಕೆ, ಮನೆಯವರನ್ನು ಸೇರಿಸಿಕೊಳ್ಳುವುದು, ಮನೆಗೆ ಕಳಿಸುವಾಗಿನ ಸಿದ್ಧತೆ ಮೊದಲಾದವು ಆ ಪಟ್ಟಿಯಲ್ಲಿದ್ದವು. ಗೋಡೆಯ ಬಣ್ಣ ಅದರಲ್ಲಿರಲಿಲ್ಲ.

ಪಿಕರ್ ಸಂಶೋಧಕರು ಒತ್ತಿಹೇಳಿದ ಮಾತು ಇದು: ‘ತೃಪ್ತಿ’ಯನ್ನು ಕೇಳಬೇಡಿ, ‘ನಡೆದದ್ದ’ನ್ನು ಕೇಳಿ. ತೃಪ್ತಿ ಎಂಬುದು ನಿರೀಕ್ಷೆಯನ್ನು ಅವಲಂಬಿಸಿದೆ. ಹೆಚ್ಚು ನಿರೀಕ್ಷಿಸದವರು ಸ್ವಲ್ಪದಕ್ಕೇ ತೃಪ್ತರು. ಜೊತೆಗೆ ಕೃತಜ್ಞತೆಯೂ ಬೆರೆತಿರುತ್ತದೆ; ಪ್ರಾಣ ಉಳಿಸಿದವರ ಬಗ್ಗೆ ದೂರು ಹೇಳುವುದು ಯಾರಿಗೂ ಸರಿಕಾಣುವುದಿಲ್ಲ. ಭಯವೂ ಇರುತ್ತದೆ: ಮುಂದಿನ ವಾರ ಮತ್ತೆ ಅದೇ ವಾರ್ಡಿಗೆ ಬರಬೇಕಲ್ಲ!

ಇದು ನಮ್ಮ ದೂರದರ್ಶನದವರಿಗೂ ಪರಿಚಿತವಾದ ತೊಂದರೆ. ‘ನಿಮ್ಮ ಕಾರ್ಯಕ್ರಮ ಬಹಳ ಸೊಗಸಾಗಿತ್ತು’ ಎಂಬ ಪತ್ರ ಬಂದರೆ ಮನಸ್ಸಿಗೆ ಹಿತ, ಕೆಲಸಕ್ಕೆ ಬಾರದು. ‘ಅತಿಥಿಗಳು ನಕ್ಷೆ ತೋರಿಸಿದಾಗ ಅಕ್ಷರಗಳು ಓದಲು ಆಗಲಿಲ್ಲ, ಅಷ್ಟರಲ್ಲೇ ಚಿತ್ರ ಬದಲಾಯಿತು’ ಎಂದು ಬರೆಯುವ ವೀಕ್ಷಕರೇ ಮುಂದಿನ ಕಂತನ್ನು ತಿದ್ದುವವರು.

ಅಂಚೆಯಲ್ಲಿ ಬರುವ ಪ್ರಶ್ನಾವಳಿ

ಈ ವಿಚಾರವನ್ನು ಒಂದು ದೇಶದ ಮಟ್ಟದಲ್ಲಿ, ಅದೂ ಕ್ಯಾನ್ಸರ್ ಒಂದಕ್ಕೇ ಅನ್ವಯಿಸಿ, ಬಹುಕಾಲದಿಂದ ನಡೆಸಿಕೊಂಡು ಬಂದಿರುವುದು ಇಂಗ್ಲೆಂಡ್. ಅಲ್ಲಿ 1948ರಿಂದ ಸರ್ಕಾರವೇ ನಡೆಸುವ ರಾಷ್ಟ್ರೀಯ ಆರೋಗ್ಯ ಸೇವೆ ಇದೆ. ಆದರೂ 1990ರ ದಶಕದಲ್ಲಿ ಒಂದು ಅಹಿತಕರ ಸತ್ಯ ಎಲ್ಲರ ಬಾಯಲ್ಲೂ ಇತ್ತು: ಒಂದೇ ಬಗೆಯ ಕ್ಯಾನ್ಸರಿಗೆ ಒಂದೂರಿನಲ್ಲಿ ಸಿಗುವ ಚಿಕಿತ್ಸೆ ಇನ್ನೊಂದೂರಿನಲ್ಲಿ ಸಿಗುತ್ತಿರಲಿಲ್ಲ. 1995ರಲ್ಲಿ ಕೆನೆತ್ ಕಾಲ್ಮನ್ ಮತ್ತು ಡೀರ್ಡ್ರೆ ಹೈನ್ ಎಂಬ ಇಬ್ಬರು ಹಿರಿಯ ವೈದ್ಯಾಧಿಕಾರಿಗಳು ಕೊಟ್ಟ ವರದಿ ಕ್ಯಾನ್ಸರ್ ಸೇವೆಯನ್ನು ಹೊಸದಾಗಿ ಸಂಘಟಿಸಲು ಸೂಚಿಸಿತು. ರೋಗಿಗಳ ಅಭಿಪ್ರಾಯಕ್ಕೂ ಅದರಲ್ಲಿ ಸ್ಥಾನವಿತ್ತು. 2000ದ ಹೊತ್ತಿಗೆ ಸುಮಾರು 65 ಸಾವಿರ ರೋಗಿಗಳ ಮೊದಲ ಸಮೀಕ್ಷೆ ನಡೆಯಿತು, 2004ರಲ್ಲಿ ಮತ್ತೊಂದು. 2010ರಿಂದ ಕ್ಯಾನ್ಸರ್ ರೋಗಿಗಳ ಅನುಭವ ಸಮೀಕ್ಷೆ ಅಲ್ಲಿ ನಿಯತವಾಗಿ ನಡೆಯುವ ಕಾರ್ಯಕ್ರಮವಾಯಿತು.

ಕೆಲಸ ನಡೆಯುವ ರೀತಿ ಸರಳ. ಗೊತ್ತುಪಡಿಸಿದ ಮೂರು ತಿಂಗಳಲ್ಲಿ ಕ್ಯಾನ್ಸರ್ ಚಿಕಿತ್ಸೆಗೆ ಆಸ್ಪತ್ರೆ ಸೇರಿ ಹೊರಬಂದ 16 ವರ್ಷ ಮೇಲ್ಪಟ್ಟ ಎಲ್ಲರ ಪಟ್ಟಿ ತೆಗೆಯುತ್ತಾರೆ. ಅವರಲ್ಲಿ ಈಗಾಗಲೇ ತೀರಿಕೊಂಡವರ ಹೆಸರನ್ನು ದಾಖಲೆ ನೋಡಿ ಬಿಡುತ್ತಾರೆ. (ಮನೆಯಲ್ಲಿ ಸಾವಾದ ತಿಂಗಳಿಗೆ ಸತ್ತವರ ಹೆಸರಿಗೆ ಪ್ರಶ್ನಾವಳಿ ಬಂದರೆ ಹೇಗಿರುತ್ತದೆ, ಯೋಚಿಸಿ.) ಉಳಿದವರ ಮನೆಗೆ ಅಂಚೆಯಲ್ಲಿ ಪ್ರಶ್ನಾವಳಿ ಹೋಗುತ್ತದೆ. ಈಚಿನ ವರ್ಷಗಳಲ್ಲಿ ಕಂಪ್ಯೂಟರಿನಲ್ಲೂ ತುಂಬಬಹುದು. ಉತ್ತರ ಬಾರದಿದ್ದರೆ ಎರಡು ಸಲ ನೆನಪೋಲೆ.

ಇಲ್ಲಿ ಎರಡು ಅಂಶಗಳನ್ನು ಗಮನಿಸಿ. ಪ್ರಶ್ನಾವಳಿ ವಾರ್ಡಿನಲ್ಲಿ ಕೈಗೆ ಬರುವುದಿಲ್ಲ, ಮನೆಗೆ ಬರುತ್ತದೆ. ಉತ್ತರ ಆ ಆಸ್ಪತ್ರೆಗೆ ಹೋಗುವುದಿಲ್ಲ, ಸಮೀಕ್ಷೆಗೆಂದೇ ನೇಮಿಸಿದ ಬೇರೆ ಸಂಸ್ಥೆಗೆ ಹೋಗುತ್ತದೆ. ಔಷಧಿ ಕೊಡುವ ದಾದಿಯೇ ಕಾಗದ ಹಿಡಿದು ‘ನಮ್ಮ ಸೇವೆ ಹೇಗಿದೆ?’ ಎಂದು ಕೇಳಿದರೆ ನೀವಾದರೂ ಏನು ಹೇಳುತ್ತೀರಿ?

2010ರಲ್ಲಿ 158 ಆಸ್ಪತ್ರೆ ಸಂಸ್ಥೆಗಳ 67,713 ರೋಗಿಗಳು ಉತ್ತರಿಸಿದರು. ಕಳುಹಿಸಿದ ಪ್ರತಿ ನೂರಕ್ಕೆ 67 ಉತ್ತರ. ಅಂಚೆ ಸಮೀಕ್ಷೆಗಳಲ್ಲಿ ಇದು ಅಪರೂಪದ ಪ್ರಮಾಣ. ಅಂದರೆ ರೋಗಿಗಳಿಗೆ ಹೇಳುವುದು ಬಹಳ ಇತ್ತು, ಕೇಳುವವರು ಬೇಕಾಗಿದ್ದರು. 2022ರ ವೇಳೆಗೆ ಈ ಪ್ರಮಾಣ ನೂರಕ್ಕೆ 53ಕ್ಕೆ ಇಳಿದಿತ್ತು. ಆದರೂ 61 ಸಾವಿರಕ್ಕೂ ಹೆಚ್ಚು ಜನ ಬರೆದಿದ್ದರು.

ಒಟ್ಟಾರೆ ಆರೈಕೆಗೆ ಹತ್ತಕ್ಕೆ ಎಷ್ಟು ಅಂಕ ಕೊಡುತ್ತೀರಿ ಎಂಬ ಪ್ರಶ್ನೆಯೂ ಇದರಲ್ಲಿದೆ. ಸರಾಸರಿ ಉತ್ತರ 2015ರಲ್ಲಿ 8.7, 2019ರಲ್ಲಿ 8.8, 2022ರಲ್ಲಿ ಸುಮಾರು 8.9. ಪರೀಕ್ಷೆಯಾಗಿದ್ದರೆ ಉನ್ನತ ಶ್ರೇಣಿ! ವರ್ಷವರ್ಷವೂ ಅಲುಗಾಡದ ಈ ಅಂಕಿಯನ್ನೇ ನಂಬಿ ಕುಳಿತಿದ್ದರೆ ಯಾರೂ ಏನೂ ಮಾಡಬೇಕಾಗಿರಲಿಲ್ಲ. 2013ರ ಸಮೀಕ್ಷೆಯನ್ನು ನೋಡಿ. ನೂರಕ್ಕೆ 88 ಮಂದಿ ತಮಗೆ ಸಿಕ್ಕ ಆರೈಕೆ ‘ಅತ್ಯುತ್ತಮ’ ಅಥವಾ ‘ಬಹಳ ಚೆನ್ನ’ ಎಂದರು. ಆದರೆ ತಮ್ಮ ಅಗತ್ಯಗಳನ್ನು ವಿಚಾರಿಸಿ ಬರವಣಿಗೆಯಲ್ಲಿ ಆರೈಕೆಯ ಯೋಜನೆ ಕೊಟ್ಟರು ಎಂದವರು ನೂರಕ್ಕೆ ಸುಮಾರು 22 ಮಾತ್ರ. ಒಂದೇ ಕಾಗದದಲ್ಲಿ, ಅದೇ ಜನರಿಂದ ಬಂದ ಉತ್ತರಗಳು ಇವು. ‘ಹೇಗಿತ್ತು’ ಎಂದರೆ 88, ‘ಇದು ನಡೆಯಿತೇ’ ಎಂದರೆ 22.

ಸಮೀಕ್ಷೆ ಎತ್ತಿ ತೋರಿಸಿದ ಇನ್ನೊಂದು ಸಂಗತಿ ದಾದಿಯರದ್ದು. ಇಂಗ್ಲೆಂಡಿನಲ್ಲಿ ಒಂದೊಂದು ಬಗೆಯ ಕ್ಯಾನ್ಸರಿಗೂ ವಿಶೇಷ ತರಬೇತಿ ಪಡೆದ ದಾದಿಯರಿದ್ದಾರೆ. ರೋಗಿಗೆ ಅವರ ಹೆಸರು, ಫೋನ್ ನಂಬರು ಕೊಟ್ಟಿರುತ್ತಾರೆ. ಚಿಕಿತ್ಸೆಯ ಉದ್ದಕ್ಕೂ ಅನುಮಾನ ಬಂದಾಗ ಕೇಳಬಹುದಾದ ಒಬ್ಬ ಪರಿಚಿತ ವ್ಯಕ್ತಿ. 2010ರಲ್ಲಿ ನೂರಕ್ಕೆ 84 ಮಂದಿಗೆ ಇಂಥ ದಾದಿಯ ಹೆಸರು ಸಿಕ್ಕಿತ್ತು. ಸಿಕ್ಕವರ ಮತ್ತು ಸಿಗದವರ ಉತ್ತರಗಳನ್ನು ಬೇರೆಬೇರೆ ಇಟ್ಟು ನೋಡಿದಾಗ, ಹೆಚ್ಚುಕಡಿಮೆ ಎಲ್ಲ ಪ್ರಶ್ನೆಗಳಲ್ಲೂ ಸಿಕ್ಕವರ ಅನುಭವ ಮೇಲಾಗಿತ್ತು. ವಿಜ್ಞಾನದ ವಿದ್ಯಾರ್ಥಿಗಳಾದ ನೀವು ಇಲ್ಲಿ ಕೈ ಎತ್ತಬೇಕು. ದಾದಿ ಇರುವುದರಿಂದ ಅನುಭವ ಚೆನ್ನಾಯಿತೋ, ಇಂಥ ದಾದಿಯನ್ನು ನೇಮಿಸುವಷ್ಟು ಕಾಳಜಿಯ ಆಸ್ಪತ್ರೆ ಉಳಿದ ವಿಷಯಗಳಲ್ಲೂ ಚೆನ್ನಾಗಿದೆಯೋ? ಸಮೀಕ್ಷೆಯೊಂದೇ ಇದನ್ನು ಬಿಡಿಸಿ ಹೇಳಲಾರದು. ಆದರೂ ಹಣ ಉಳಿಸಲು ದಾದಿಯರ ಹುದ್ದೆಗೆ ಕತ್ತರಿ ಹಾಕುವ ಮಾತು ಬಂದಾಗ, ಅದಕ್ಕೆ ಎದುರಾಗಿ ಮೇಜಿನ ಮೇಲಿಡಲು ಅಂಕಿಸಂಖ್ಯೆಯೊಂದು ಇದ್ದಂತಾಯಿತು.

ಮೂರು ಸಲ ಬಾಗಿಲು ತಟ್ಟಿದವರು

ಈ ಸಮೀಕ್ಷೆಯ ನೂರಾರು ಉತ್ತರಗಳಲ್ಲಿ ನನಗೆ ಅತ್ಯಂತ ಮುಖ್ಯವೆಂದು ತೋರುವುದು ಮೊದಲ ಪುಟದ ಒಂದು ಪ್ರಶ್ನೆ: ಆಸ್ಪತ್ರೆಗೆ ಹೋಗಿ ಎಂದು ಕಳುಹಿಸುವ ಮೊದಲು ನಿಮ್ಮ ಕುಟುಂಬ ವೈದ್ಯರನ್ನು ಎಷ್ಟು ಸಲ ಕಂಡಿರಿ? ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ದೊಡ್ಡಾಸ್ಪತ್ರೆಯ ತಜ್ಞರನ್ನು ನೇರವಾಗಿ ಕಾಣುವಂತಿಲ್ಲ. ಕುಟುಂಬ ವೈದ್ಯರು ಕಾಗದ ಕೊಡಬೇಕು. ಆದ್ದರಿಂದ ಈ ಪ್ರಶ್ನೆಯ ಉತ್ತರದಲ್ಲಿ ಕಳೆದುಹೋದ ಕಾಲದ ಗುರುತಿದೆ.

2010ರ ಸಮೀಕ್ಷೆಯಿಂದ 24 ಬಗೆಯ ಕ್ಯಾನ್ಸರುಗಳ 41,299 ರೋಗಿಗಳ ಉತ್ತರಗಳನ್ನು ತೆಗೆದುಕೊಂಡು ಲೈರಾಟ್ಸೊಪೌಲಸ್ ಎಂಬ ವಿಜ್ಞಾನಿ ಮತ್ತು ಅವರ ಸಂಗಡಿಗರು ವಿಶ್ಲೇಷಿಸಿ 2012ರಲ್ಲಿ ಪ್ರಕಟಿಸಿದರು. ಮುಕ್ಕಾಲು ಪಾಲಿಗೂ ಹೆಚ್ಚು ಜನರನ್ನು ಒಂದೆರಡು ಭೇಟಿಯಲ್ಲೇ ಮುಂದಕ್ಕೆ ಕಳುಹಿಸಲಾಗಿತ್ತು. ಆದರೆ ಕ್ಯಾನ್ಸರಿನ ಬಗೆ ನೋಡಿದರೆ ಅಗಾಧ ವ್ಯತ್ಯಾಸ. ಮೂರು ಅಥವಾ ಹೆಚ್ಚು ಸಲ ವೈದ್ಯರಲ್ಲಿಗೆ ಹೋಗಬೇಕಾಗಿ ಬಂದವರು ಸ್ತನ ಕ್ಯಾನ್ಸರಿನಲ್ಲಿ ನೂರಕ್ಕೆ 7.4, ಚರ್ಮದ ಮೆಲನೋಮಾದಲ್ಲಿ 10.1. ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನಲ್ಲಿ 41.3. ಮಲ್ಟಿಪಲ್ ಮೈಲೋಮಾದಲ್ಲಿ 50.6!

ಏಕೆ ಹೀಗೆ? ಸ್ತನದಲ್ಲಿ ಗಂಟು ಕೈಗೆ ಸಿಗುತ್ತದೆ. ಮೆಲನೋಮಾ ಚರ್ಮದ ಮೇಲೆ ಕಪ್ಪು ಮಚ್ಚೆಯಾಗಿ ಕಣ್ಣಿಗೆ ಕಾಣುತ್ತದೆ. ಮೈಲೋಮಾ ಮೂಳೆಯೊಳಗಿನ ಮಜ್ಜೆಯಲ್ಲಿ ಹುಟ್ಟುವಂಥದ್ದು. ರೋಗನಿರೋಧಕ ಪ್ರೋಟೀನುಗಳನ್ನು ತಯಾರಿಸುವ ಪ್ಲಾಸ್ಮಾ ಕಣಗಳು ಅಲ್ಲಿ ಅಂಕೆಯಿಲ್ಲದೆ ಬೆಳೆಯುತ್ತವೆ. ಮೂಳೆ ಸವೆದು ಬೆನ್ನುನೋವು ಬರುತ್ತದೆ, ರಕ್ತ ಕಡಿಮೆಯಾಗಿ ಸುಸ್ತಾಗುತ್ತದೆ, ಪದೇಪದೇ ಸೋಂಕು ತಗಲುತ್ತದೆ. ಎಪ್ಪತ್ತು ವರ್ಷದವರೊಬ್ಬರು ಬಂದು ‘ಬೆನ್ನು ನೋವು, ಸುಸ್ತು’ ಎಂದರೆ ಯಾವ ವೈದ್ಯರಿಗೆ ತಾನೇ ಕ್ಯಾನ್ಸರಿನ ಅನುಮಾನ ಬಂದೀತು? ಬೆನ್ನುನೋವಿನಿಂದ ಬರುವ ನೂರಾರು ಜನರಲ್ಲಿ ಒಬ್ಬರಿಗೂ ಮೈಲೋಮಾ ಇರಲಿಕ್ಕಿಲ್ಲ. ಹಾಗಾಗಿ ಇದನ್ನು ವೈದ್ಯರ ಬೇಜವಾಬ್ದಾರಿ ಎಂದು ತೀರ್ಪು ಕೊಡುವುದು ತಪ್ಪು. ಒಂದೇ ಅಂಗಕ್ಕೆ ಬೊಟ್ಟುಮಾಡದ ಮಸುಕು ಲಕ್ಷಣಗಳಿಗೆ ವ್ಯವಸ್ಥೆಯಲ್ಲಿ ದಾರಿಯೇ ಇರಲಿಲ್ಲ ಎಂಬುದು ಸರಿಯಾದ ವಿವರಣೆ.

ಆದರೆ ಎಲ್ಲವೂ ಕಾಯಿಲೆಯ ಸ್ವಭಾವವೇ ಅಲ್ಲ. ಅದೇ ಬಗೆಯ ಕ್ಯಾನ್ಸರ್ ಇದ್ದವರಲ್ಲೂ ಹರೆಯದವರು, ಹೆಂಗಸರು, ಏಷ್ಯಾ ಮೂಲದವರು ಮತ್ತು ಕರಿಯರು ಹೆಚ್ಚು ಸಲ ತಿರುಗಬೇಕಾಗಿತ್ತು. ಇದಕ್ಕೆ ಜೀವಶಾಸ್ತ್ರದ ಸಮಜಾಯಿಷಿ ಸಾಲುವುದಿಲ್ಲ. ‘ನಿನ್ನ ವಯಸ್ಸಿಗೆ ಕ್ಯಾನ್ಸರ್ ಬರುತ್ತದೆಯೇ’ ಎಂಬ ಊಹೆ ಎಲ್ಲೋ ಕೆಲಸ ಮಾಡಿರಬೇಕು. ಓದುಗರಲ್ಲಿ ಹೆಚ್ಚಿನವರು ಆ ವಯಸ್ಸಿನವರಾದ್ದರಿಂದ ಈ ಮಾತನ್ನು ಎತ್ತಿ ಹೇಳುತ್ತಿದ್ದೇನೆ. ಹರೆಯದಲ್ಲಿ ಕ್ಯಾನ್ಸರ್ ಅಪರೂಪ, ಆದರೆ ಇಲ್ಲವೇ ಇಲ್ಲ ಎಂದಲ್ಲ.

2019ರಲ್ಲಿ ಅಲ್ಲಿನ ಆರೋಗ್ಯ ಸೇವೆ ಪ್ರಕಟಿಸಿದ ದೀರ್ಘಾವಧಿ ಯೋಜನೆಯಲ್ಲಿ, ಇಂಥ ಮಸುಕು ಲಕ್ಷಣಗಳುಳ್ಳವರನ್ನು ಬೇಗ ಪರೀಕ್ಷಿಸಲೆಂದೇ ಶೀಘ್ರ ರೋಗನಿದಾನ ಕೇಂದ್ರಗಳ ಪ್ರಸ್ತಾಪ ಬಂತು. ಒಂದು ಪ್ರಶ್ನೆಯ ಉತ್ತರದಿಂದಲೇ ಇದಾಯಿತು ಎಂದು ಹೇಳಿದರೆ ಅತಿಶಯೋಕ್ತಿಯಾದೀತು. ಡೆನ್ಮಾರ್ಕ್ ದೇಶದ ಮಾದರಿಯೂ ಮುಂದಿತ್ತು. ಆದರೆ ಎಷ್ಟು ಜನ, ಯಾವ ಕಾಯಿಲೆಯವರು, ಎಷ್ಟು ಸಲ ಹಿಂದಿರುಗಿದರು ಎಂಬ ಲೆಕ್ಕ ರೋಗಿಗಳ ಕೈಯಿಂದಲೇ ಬಂದದ್ದು.

ಹೋಲಿಕೆಯ ಅಪಾಯ

ಅಂಕಿ ಸಿಕ್ಕಿದೊಡನೆ ಎಲ್ಲರಿಗೂ ಬರುವ ಚಪಲ ಒಂದೇ: ಯಾವ ಆಸ್ಪತ್ರೆ ಮೊದಲನೆಯದು, ಯಾವುದು ಕೊನೆಯದು? ಇಂಗ್ಲೆಂಡಿನಲ್ಲೂ ಹಾಗೇ ಆಯಿತು. ಲಂಡನ್ನಿನ ಆಸ್ಪತ್ರೆಗಳು ಪಟ್ಟಿಯ ಕೆಳಗೆ ಮತ್ತೆ ಮತ್ತೆ ಕಾಣಿಸಿಕೊಂಡಾಗ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಯಿತು. ಇಲ್ಲಿ ಸ್ವಲ್ಪ ಗಣಿತ ಬೇಕು.

ಒಂದು ಕಾಲ್ಪನಿಕ ಉದಾಹರಣೆ ನೋಡೋಣ. ದೇಶದಲ್ಲಿ ನೂರಕ್ಕೆ 80 ರೋಗಿಗಳು ಒಂದು ಪ್ರಶ್ನೆಗೆ ‘ಹೌದು’ ಎನ್ನುತ್ತಾರೆ ಎಂದಿಟ್ಟುಕೊಳ್ಳಿ. ಒಂದು ಸಣ್ಣ ಆಸ್ಪತ್ರೆಯಿಂದ 40 ಉತ್ತರ ಬಂದಿದೆ, ದೊಡ್ಡದರಿಂದ 400. ಎರಡೂ ಆಸ್ಪತ್ರೆಗಳು ಒಂದೇ ಗುಣಮಟ್ಟದವಾಗಿದ್ದರೂ, ಕೇವಲ ಆಕಸ್ಮಿಕದಿಂದ ಸಣ್ಣ ಆಸ್ಪತ್ರೆಯ ಅಂಕಿ 68ರಿಂದ 92ರವರೆಗೆ ಎಲ್ಲಿ ಬೇಕಾದರೂ ಬೀಳಬಹುದು. ದೊಡ್ಡದರದ್ದು 76ರಿಂದ 84ರೊಳಗೆ. ನಾಣ್ಯ ಹತ್ತು ಸಲ ಚಿಮ್ಮಿ ಏಳು ಸಲ ತಲೆ ಬಿದ್ದರೆ ಯಾರೂ ಬೆರಗಾಗುವುದಿಲ್ಲ. ಸಾವಿರ ಸಲ ಚಿಮ್ಮಿ ಏಳುನೂರು ಸಲ ಬಿದ್ದರೆ ನಾಣ್ಯವನ್ನೇ ಪರೀಕ್ಷಿಸಬೇಕು. ಆದ್ದರಿಂದ ಸಮೀಕ್ಷೆಯವರು ಪ್ರತಿ ಆಸ್ಪತ್ರೆಗೂ ‘ನಿರೀಕ್ಷಿತ ವ್ಯಾಪ್ತಿ’ಯೊಂದನ್ನು ಲೆಕ್ಕಹಾಕಿ, ಅದರಿಂದ ಹೊರಗೆ ಬಿದ್ದದ್ದನ್ನು ಮಾತ್ರ ಗುರುತಿಸುತ್ತಾರೆ.

ಎರಡನೆಯ ತೊಡಕು ರೋಗಿಗಳ ಸ್ವರೂಪ. ಹರೆಯದವರೂ ಅಲ್ಪಸಂಖ್ಯಾತ ಜನಾಂಗದವರೂ ಸಾಮಾನ್ಯವಾಗಿ ಕಡಿಮೆ ಅಂಕ ಕೊಡುತ್ತಾರೆಂದು ಕಂಡುಬಂದಿದೆ. ಲಂಡನ್ನಿನಲ್ಲಿ ಅಂಥವರ ಸಂಖ್ಯೆ ಹೆಚ್ಚು. ಹಾಗಾದರೆ ಅದನ್ನು ಸರಿದೂಗಿಸಿ ಹೋಲಿಸಬೇಕಲ್ಲವೆ? ಸರಿದೂಗಿಸುತ್ತಾರೆ, ಸರಿದೂಗಿಸಬೇಕು ಕೂಡ. ಆದರೆ ನನ್ನದೊಂದು ಅನುಮಾನ: ಒಂದು ಜನಾಂಗದವರಿಗೆ ನಿಜವಾಗಿಯೇ ಕಡಿಮೆ ಆರೈಕೆ ಸಿಗುತ್ತಿದ್ದರೆ, ಲೆಕ್ಕದಲ್ಲಿ ಅದನ್ನು ‘ಸರಿದೂಗಿಸಿ’ ಅಳಿಸಿಹಾಕಿದಂತೆ ಆಗುವುದಿಲ್ಲವೇ? ಅದಕ್ಕೇ ಸರಿದೂಗಿಸಿದ ಅಂಕಿಯನ್ನೂ ಸರಿದೂಗಿಸದ ಅಂಕಿಯನ್ನೂ ಎರಡನ್ನೂ ಪ್ರಕಟಿಸುವುದು ಒಳ್ಳೆಯ ಪದ್ಧತಿ.

ಮೂರನೆಯದು ಎಲ್ಲಕ್ಕಿಂತ ಗಂಭೀರ. ಉತ್ತರ ಬರೆಯದವರು ಯಾರು? ತೀರಿಕೊಂಡವರು, ಬರೆಯಲಾರದಷ್ಟು ನಿತ್ರಾಣರಾದವರು. ಪರೀಕ್ಷೆ ಪಾಸಾದವರನ್ನು ಮಾತ್ರ ಕರೆದು ‘ಪ್ರಶ್ನೆಪತ್ರಿಕೆ ಕಷ್ಟವಿತ್ತೇ’ ಎಂದು ಕೇಳಿದಂತೆ ಇದು. ಶ್ವಾಸಕೋಶ, ಮೇದೋಜೀರಕ ಗ್ರಂಥಿಯ ಕ್ಯಾನ್ಸರುಗಳಲ್ಲಿ ಅನೇಕರು ಕೆಲವೇ ತಿಂಗಳಲ್ಲಿ ತೀರಿಕೊಳ್ಳುವುದರಿಂದ, ಆ ಕಾಯಿಲೆಗಳ ನಿಜವಾದ ಚಿತ್ರ ಸಮೀಕ್ಷೆಯಲ್ಲಿ ಕಾಣುವುದಕ್ಕಿಂತ ಕೆಟ್ಟದಿರಬಹುದು. ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಲು 2011ರಿಂದ 2015ರವರೆಗೆ ಇಂಗ್ಲೆಂಡಿನಲ್ಲಿ ಇನ್ನೊಂದು ಸಮೀಕ್ಷೆ ನಡೆಯಿತು. ಎಲ್ಲ ಬಗೆಯ ಕಾಯಿಲೆಗಳಿಂದ ತೀರಿಕೊಂಡವರನ್ನೂ ಅದು ಒಳಗೊಂಡಿತ್ತು. ಸಾವನ್ನು ನೋಂದಾಯಿಸಿದ ಬಂಧುಗಳಿಗೆ ಕೆಲವು ತಿಂಗಳ ಬಳಿಕ ಪ್ರಶ್ನಾವಳಿ ಕಳುಹಿಸಿ, ಕೊನೆಯ ದಿನಗಳ ಆರೈಕೆ ಹೇಗೆ ನಡೆಯಿತೆಂದು ಕೇಳುತ್ತಿದ್ದರು.

ಕೇಳಿದ ಮೇಲೆ?

ಇಷ್ಟು ಹೊತ್ತೂ ಹೇಳಿದ್ದು ಆಸ್ಪತ್ರೆಯಿಂದ ಹೊರಬಂದ ಮೇಲೆ ಕೇಳುವ ಮಾತು. ಅದರಿಂದ ಲಾಭವಾಗುವುದು ಮುಂದೆ ಬರುವ ರೋಗಿಗೆ. ಉತ್ತರಿಸಿದವರಿಗೇ ಲಾಭವಾಗುವಂತೆ ಕೇಳಲು ಸಾಧ್ಯವೇ? ಇದಕ್ಕೆ ಬೇರೆ ಬಗೆಯ ಅಳತೆ ಬೇಕು. ಆರೈಕೆ ಹೇಗೆ ನಡೆಯಿತು ಎಂಬುದರ ಬದಲು, ಈಗ ನಿಮ್ಮ ದೇಹಸ್ಥಿತಿ ಹೇಗಿದೆ ಎಂದು ರೋಗಿಯನ್ನೇ ವಾರವಾರವೂ ಕೇಳುವುದು.

ನ್ಯೂಯಾರ್ಕಿನ ಮೆಮೋರಿಯಲ್ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ಈಥನ್ ಬ್ಯಾಶ್ ಎಂಬ ವೈದ್ಯರು ಹರಡಿದ ಕ್ಯಾನ್ಸರ್ ಇದ್ದು ಕೀಮೋಥೆರಪಿ ಪಡೆಯುತ್ತಿದ್ದ 766 ಮಂದಿಯ ಮೇಲೆ ಇಂಥ ಪ್ರಯೋಗ ನಡೆಸಿದರು. ಚೀಟಿ ಎತ್ತಿದಂತೆ ಅವರನ್ನು ಎರಡು ಗುಂಪು ಮಾಡಲಾಯಿತು. ಒಂದು ಗುಂಪಿಗೆ ಎಂದಿನ ಆರೈಕೆ. ಇನ್ನೊಂದು ಗುಂಪಿನವರು ನೋವು, ಸುಸ್ತು, ವಾಕರಿಕೆ, ಉಬ್ಬಸ ಮೊದಲಾದ 12 ತೊಂದರೆಗಳನ್ನು ಕಂಪ್ಯೂಟರಿನಲ್ಲಿ ತಾವೇ ಗುರುತಿಸುತ್ತಿದ್ದರು. ತೊಂದರೆ ಒಮ್ಮೆಲೇ ಉಲ್ಬಣಿಸಿದರೆ ದಾದಿಗೆ ಸೂಚನೆ ಹೋಗುತ್ತಿತ್ತು. ದಾದಿ ಫೋನ್ ಮಾಡಿ ಔಷಧಿ ಬದಲಿಸುವುದೋ, ಬರಹೇಳುವುದೋ ಮಾಡುತ್ತಿದ್ದರು.

2017ರಲ್ಲಿ ಪ್ರಕಟವಾದ ಫಲಿತಾಂಶ ಇದು: ಎಂದಿನ ಆರೈಕೆಯವರ ಮಧ್ಯಾಂಕ ಬದುಕುಳಿವು 26 ತಿಂಗಳು, ತಮ್ಮ ತೊಂದರೆ ತಾವೇ ತಿಳಿಸುತ್ತಿದ್ದವರದ್ದು 31.2 ತಿಂಗಳು. ಐದು ತಿಂಗಳ ವ್ಯತ್ಯಾಸ! ಹೊಸ ಔಷಧಿಯೊಂದು ಇಷ್ಟು ಮಾಡಿದ್ದರೆ ಜಗತ್ತೇ ಕುಣಿಯುತ್ತಿತ್ತು. ಇಲ್ಲಿ ಔಷಧಿ ಹೊಸದಲ್ಲ. ತೊಂದರೆ ಬೇಗ ಗೊತ್ತಾದ್ದರಿಂದ ರೋಗಿಗಳು ಕೀಮೋಥೆರಪಿಯನ್ನು ಹೆಚ್ಚು ಕಾಲ ತಾಳಿಕೊಂಡರು ಎಂಬುದು ಒಂದು ವಿವರಣೆ.

ವಿಜ್ಞಾನ ಒಂದು ಪ್ರಯೋಗಕ್ಕೆ ನಿಲ್ಲುವುದಿಲ್ಲ. ಅಮೆರಿಕದ 52 ಚಿಕಿತ್ಸಾಲಯಗಳಲ್ಲಿ 1,191 ರೋಗಿಗಳೊಂದಿಗೆ ಇದನ್ನೇ ಮತ್ತೆ ಮಾಡಿ ನೋಡಿದರು. ರೋಗಿಗಳ ತೊಂದರೆಗಳು ಹತೋಟಿಗೆ ಬಂದವು, ದೇಹಶಕ್ತಿ ಸುಧಾರಿಸಿತು, ತುರ್ತು ಚಿಕಿತ್ಸಾ ಘಟಕಕ್ಕೆ ಓಡುವ ಸಂದರ್ಭ ಮುಂದಕ್ಕೆ ಹೋಯಿತು. ಆದರೆ ಆಯುಸ್ಸು ಹೆಚ್ಚಾದದ್ದು ಅಲ್ಲಿ ಕಂಡುಬರಲಿಲ್ಲ. ಐದು ತಿಂಗಳ ಮಾತನ್ನು ಮಾತ್ರ ಕೇಳಿ ಎಲ್ಲೆಡೆ ಹೇಳಿಕೊಂಡು ತಿರುಗುವವರು ಈ ಎರಡನೆಯ ಫಲಿತಾಂಶವನ್ನೂ ಜೊತೆಗೆ ಹೇಳಬೇಕು. ಎರಡು ಪ್ರಯೋಗಗಳಲ್ಲೂ ಉಳಿದುಕೊಂಡ ಅಂಶವೆಂದರೆ, ಸೂಚನೆ ಬಂದಾಗ ಫೋನ್ ಎತ್ತಿಕೊಳ್ಳಲು ಒಬ್ಬ ದಾದಿ ಇದ್ದದ್ದು. ಪ್ರಶ್ನಾವಳಿ ತುಂಬಿಸಿಕೊಂಡು ಬೀರುವಿನಲ್ಲಿಟ್ಟರೆ ಯಾರ ನೋವೂ ಕಡಿಮೆಯಾಗುವುದಿಲ್ಲ.

ಕನ್ನಡದಲ್ಲಿ ಕೇಳುವುದು

ಇಂಥ ಪ್ರಶ್ನಾವಳಿಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಒಂದು 1993ರಲ್ಲಿ ಪ್ರಕಟವಾದದ್ದು. ಬ್ರಸೆಲ್ಸ್ ನಗರದಲ್ಲಿ ಕೇಂದ್ರವಿರುವ ಯುರೋಪಿನ ಕ್ಯಾನ್ಸರ್ ಸಂಶೋಧನಾ ಸಂಘಟನೆಯದು. ಒಟ್ಟು 30 ಪ್ರಶ್ನೆ. ಕನ್ನಡವೂ ಸೇರಿ ಹತ್ತಾರು ಭಾಷೆಗಳಲ್ಲಿದೆ. ಇದರ ಅನುವಾದಕ್ಕೆ ಕಟ್ಟುನಿಟ್ಟಾದ ಕ್ರಮವಿದೆ. ಇಬ್ಬರು ಬೇರೆಬೇರೆಯಾಗಿ ಅನುವಾದಿಸಬೇಕು, ಎರಡನ್ನೂ ಹೊಂದಿಸಿ ಒಂದು ಮಾಡಬೇಕು. ಬಳಿಕ ಮೂಲವನ್ನು ನೋಡದವರು ಅದನ್ನು ಮತ್ತೆ ಇಂಗ್ಲಿಷಿಗೆ ತಿರುಗಿಸಬೇಕು. ಅರ್ಥ ಎಲ್ಲಿ ಸೋರಿಹೋಯಿತೆಂಬುದು ಆಗ ಗೊತ್ತಾಗುತ್ತದೆ. ಕೊನೆಗೆ ಕೆಲವು ರೋಗಿಗಳಿಗೇ ಕೊಟ್ಟು ನೋಡಬೇಕು.

ಇಷ್ಟೊಂದು ಏಕೆ ಎನಿಸಿದರೆ ನೀವೇ ಪ್ರಯತ್ನಿಸಿ ನೋಡಿ. ಆ ಪ್ರಶ್ನಾವಳಿಯಲ್ಲಿ ದಣಿವಿಗೆ ಒಂದು ಪ್ರಶ್ನೆ, ಬಲಹೀನತೆಗೆ ಬೇರೊಂದು ಪ್ರಶ್ನೆ ಇದೆ. ನಮ್ಮಲ್ಲಿ ಎರಡಕ್ಕೂ ‘ಸುಸ್ತು’ ಎನ್ನುವವರೇ ಹೆಚ್ಚು. ವಾಕರಿಕೆಗೆ ಒಂದು, ವಾಂತಿಗೆ ಒಂದು. ‘ಸಂಕಟ’ ಎಂದು ಬರೆದರೆ ಒಬ್ಬರು ಮನಸ್ಸಿನದೆಂದು ತಿಳಿಯುತ್ತಾರೆ, ಇನ್ನೊಬ್ಬರು ಹೊಟ್ಟೆಯದೆಂದು. ಮೈಸೂರು ಕಡೆ ‘ನೋವು’ ಎಂದರೆ, ಧಾರವಾಡ, ಕಲಬುರಗಿ ಕಡೆಯ ಅಜ್ಜಿ ‘ಬ್ಯಾನಿ’ ಎನ್ನುತ್ತಾಳೆ. ಉತ್ತರದ ಮೆಟ್ಟಿಲುಗಳೂ ಕಷ್ಟವೇ. ಇಲ್ಲವೇ ಇಲ್ಲ, ಸ್ವಲ್ಪ, ಸಾಕಷ್ಟು, ತುಂಬಾ ಎಂದು ನಾಲ್ಕು ಮೆಟ್ಟಿಲು ಮಾಡಿದಿರಿ ಎನ್ನಿ. ‘ನೋವು ಸಾಕಷ್ಟಿತ್ತು’ ಎಂದರೆ ಹೆಚ್ಚೆಂದೋ, ಬೇಕಾದಷ್ಟೇ ಎಂದೋ? ‘ತುಂಬಾ’ ಮತ್ತು ‘ಬಹಳ’ ಇವುಗಳಲ್ಲಿ ಯಾವುದು ಮೇಲಿನದು? ಸೆಂಟಿಮೀಟರಿಗೆ ಈ ತೊಂದರೆ ಇಲ್ಲ.

ಓದು ಬಾರದವರಿಗೆ ಯಾರಾದರೂ ಓದಿ ಹೇಳಬೇಕು. ಯಾರು ಓದುತ್ತಾರೆ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಅದಕ್ಕಿಂತಲೂ ಬಿಗಿಯಾದ ಗಂಟು ನಮ್ಮ ಮನೆಗಳಲ್ಲಿದೆ. ‘ಅಮ್ಮನಿಗೆ ಕ್ಯಾನ್ಸರ್ ಎಂದು ಹೇಳಬೇಡಿ ಡಾಕ್ಟ್ರೇ, ತಡೆದುಕೊಳ್ಳಲಾರರು’ ಎಂದು ಮಗ ಕೈಮುಗಿಯುವುದು ನಮ್ಮ ದೇಶದ ಆಸ್ಪತ್ರೆಗಳಲ್ಲಿ ಅಪರೂಪವಲ್ಲ. ಆ ತಾಯಿಯ ಮುಂದೆ ಈ ಲೇಖನದ ಆರಂಭದ ಎರಡನೆಯ ಪ್ರಶ್ನೆಯನ್ನು ಇಡುವಂತಿಲ್ಲ. ಇಂಗ್ಲೆಂಡಿನ ಪ್ರಶ್ನಾವಳಿಯನ್ನು ಭಾಷಾಂತರಿಸಿ ಮನೆಗೆ ಅಂಚೆಯಲ್ಲಿ ಕಳುಹಿಸಿದರೆ, ಲಕೋಟೆಯೇ ಗುಟ್ಟು ಬಿಚ್ಚಿಬಿಡುತ್ತದೆ. ನಮ್ಮಲ್ಲಿ ಕೇಳಹೊರಟವರು ಮೊದಲು ‘ನಿಮ್ಮ ಕಾಯಿಲೆ ಏನೆಂದು ಹೇಳಿದ್ದಾರೆ?’ ಎಂದು ಆಕೆಯ ಬಾಯಿಂದಲೇ ತಿಳಿದು, ಆಕೆ ಬಳಸಿದ ಮಾತನ್ನೇ ಹಿಡಿದು ಮುಂದುವರಿಯಬೇಕಾಗುತ್ತದೆ. ಅದು ‘ಗಡ್ಡೆ’ ಎಂದಿರಬಹುದು, ‘ಹುಣ್ಣು’ ಎಂದಿರಬಹುದು.

ಆಕೆಯ ಬದಲು ಮಗನನ್ನೇ ಕೇಳಿದರಾಗದೇ? ಬೇರೆಬೇರೆ ದೇಶಗಳಲ್ಲಿ ರೋಗಿಯನ್ನೂ ಹತ್ತಿರದವರನ್ನೂ ಪ್ರತ್ಯೇಕವಾಗಿ ಕೇಳಿ ಉತ್ತರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ್ದಾರೆ. ಎಷ್ಟು ಸಲ ವಾಂತಿಯಾಯಿತು, ಎಷ್ಟು ದೂರ ನಡೆದರು ಎಂಬಂಥ ಕಣ್ಣಿಗೆ ಕಾಣುವ ವಿಷಯಗಳಲ್ಲಿ ಇಬ್ಬರ ಉತ್ತರ ಬಹುಮಟ್ಟಿಗೆ ಹೊಂದುತ್ತದೆ. ಭಯ ಎಷ್ಟಿತ್ತು, ಬೇಸರ ಎಷ್ಟಿತ್ತು ಎಂಬಲ್ಲಿ ಅಷ್ಟು ಹೊಂದುವುದಿಲ್ಲ.